ಸರ್ವರ್ ಎಲ್ಲೇ ಇರ್ಲಿ, ಚಾವಿ ಯಾರ ಕೈಯಾಗದ ಅದು ಮೊದ್ಲು ಕೇಳ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಿಮ್ಮ ಓದುಗರ ಪತ್ರದಾಗ ಒಬ್ಬರು ಬರ್ದಿದ್ರು, ಹೊರದೇಶದಾಗ ಸರ್ವರ್, ಅಂದ್ರ ನಮ್ಮ ಮೆಸೇಜು ಮೇಲು ಕೂಡಿಡೋ ದೊಡ್ಡ ಕಂಪ್ಯೂಟರ್, ಇಟ್ಕೊಂಡಿರೋ ಮೆಸೇಜ್ ಆ್ಯಪು, ಮೇಲ್ ಸರ್ವಿಸು ಎಲ್ಲಾ ಬಂದ್ ಮಾಡ್ಬೇಕು, ಸರ್ವರ್ ಇಂಡಿಯಾಕ್ಕ ತಂದ್ರ ಎಲ್ಲಾ ಸರಿ ಆಗ್ತದ ಅಂತ. ಎರಡು ದಿನ ಬಿಟ್ಟು ಇನ್ನೊಬ್ಬರು ಅವರಿಗಿ ಉತ್ತರ ಕೊಟ್ಟು, ಸರಕಾರದ ಕಣ್ಣಿಗಿ ಬೀಳಬಾರ್ದಂದ್ರ ಸ್ವಿಟ್ಜರ್ಲೆಂಡ್ ಸರ್ವರೇ ಗತಿ ಅಂದ್ರು. ಇಬ್ಬರದೂ ಓದಿದ ಮ್ಯಾಲ ಸುಮ್ನ ಕೂಡ್ಲಿಕ್ಕಾಗ್ಲಿಲ್ಲ, ಯಾಕಂದ್ರ ಇದೇ ಜಗಳ ಕಲಬುರಗಿ ನೆಹರು ಗಂಜಿನ್ಯಾಗ ನನ್ ಅಂಗಡಿ ಮುಂದ ದಿನಾ ಚಹಾ ಕುಡಿಯೋ ಹೊತ್ನ್ಯಾಗ ನಡೀತದ. ನಾ ಇಪ್ಪತ್ತು ವರ್ಷದಿಂದ ಇಲ್ಲಿ ಕಂಪ್ಯೂಟರ್ ರಿಪೇರಿ ಮಾಡ್ಕೊಂಡು ಇದ್ದಾವ. ಅಡತಿ ಅಂಗಡಿ, ದಾಲ್ ಮಿಲ್ಲಿನವರಿಗಿ ಟ್ಯಾಲಿ ಹಾಕ್ಕೊಡೋದು, ಪ್ರಿಂಟರ್‌ದಾಗ ಸಿಕ್ಕೊಂಡ ಕಾಗದ ಎಳಿಯೋದು, ಮೇಲ್ ಐಡಿ ಪಾಸ್‌ವರ್ಡ್ ಮರ್ತವರಿಗಿ ತೆಗ್ದು ಕೊಡೋದು, ಇಷ್ಟೇ ನನ್ ಧಂದೆ. ದೊಡ್ಡ ಇಂಜಿನಿಯರ್ ಏನಲ್ಲ. ಆದ್ರ ಮಂದಿ ಫೋನು ನನ್ ಕೈಯಾಗ ಬಕ್ಕಳ ಬರ್ತಾವ, ಒಳಗ ಏನದ ಅಂತ ನೋಡೋ ಪಾಳಿ ನಂದೇ ಇರ್ತದ.

ಮೊನ್ನೆ ದೀಪಾವಳಿ ಮುಗ್ದ ಮ್ಯಾಲ ಒಬ್ಬ ತೊಗರಿ ಸಾವಕಾರ್ರು ಬಂದ್ರು. ವಯಸ್ಸು ಅರವತ್ತು ದಾಟ್ಯದ, ಫೋನ್ ಮಾತ್ರ ಒಂದು ಲಕ್ಷದ್ದು. "ತಮ್ಮಾ, ನನ್ ವಾಟ್ಸ್ಯಾಪ್ ದಿಲ್ಲಿಯಾಗ ಕುಂತು ಓದ್ತಾರಂತಲ್ಲೋ, ಇದು ತೆಗಿ, ಸರ್ವರ್ ಇಂಡಿಯಾದಾಗ ಇಲ್ದಂಥದ್ದು ಬ್ಯಾರೆ ಯಾವ್ದರ ಹಾಕ್ಕೊಡು" ಅಂದ್ರು. ಕೊಡ್ರಿ ನೋಡ್ತೀನಿ ಅಂತ ಫೋನ್ ಇಸ್ಕೊಂಡು ಲಿಂಕ್ಡ್ ಡಿವೈಸಸ್ ಒತ್ತಿದೆ. ಅಲ್ಲಿ ಒಂದು ವಿಂಡೋಸ್ ಕಂಪ್ಯೂಟರ್ ಕುಂತಿತ್ತು, ಅದರ ಕೆಳಗ ಇವತ್ತೇ ಬಳಸ್ಯಾರ ಅಂತ ಟೈಮ್ ಸಮೇತ ತೋರಿಸ್ತಿತ್ತು. ಇದು ಯಾರ್ದ್ರೀ ಅಂದೆ. ನಂದಲ್ಲ ಅಂದ್ರು, ಝರಾ ಹೊತ್ತು ಸುಮ್ನ ಕುಂತ್ರು, ಆಮ್ಯಾಲ ಅವರ ಮುಖದ ಬಣ್ಣನೇ ಬದ್ಲಾತು. ಅವರ ಹಳಿ ಮುನೀಮ ಯುಗಾದಿಗಿ ಕೆಲ್ಸ ಬಿಟ್ಟು ಎದುರಿನ ಲೈನಿನ್ಯಾಗ ಬ್ಯಾರೆ ಅಡತಿ ಅಂಗಡಿ ಸೇರ್ಯಾನ, ಅವನ ಲ್ಯಾಪ್‌ಟಾಪಿನ್ಯಾಗ ಸಾವಕಾರ್ರ ವಾಟ್ಸ್ಯಾಪ್ ಇನ್ನಾ ಚಾಲೂ ಇತ್ತು. ಏಳೆಂಟು ತಿಂಗ್ಳು ಇವರು ಯಾವ ರೇಟಿಗಿ ಹಿಡ್ದ್ರು, ಯಾವ ಗಾಡಿ ಎಲ್ಲಿಗಿ ಹೋತು, ಎಲ್ಲಾ ಆ ಮನುಷ್ಯಾ ಚಹಾ ಕುಡ್ಕೋತ ನೋಡ್ಯಾನ. ದಿಲ್ಲಿ ತನಕ ಹೋಗೋದೇ ಬ್ಯಾಡ, ನಡು ರಸ್ತಾ ದಾಟಿದ್ರ ಸಾಕಿತ್ತು.

ಆಮ್ಯಾಲ ಬ್ಯಾಕಪ್ ನೋಡಿದೆ. ಎಲ್ಲಾ ಮೆಸೇಜು ದಿನಾ ರಾತ್ರಿ ಗೂಗಲ್ ಡ್ರೈವಿಗಿ ಹೋಗ್ತಿದ್ದುವು, ಆದ್ರ ಆ ಬ್ಯಾಕಪ್ಪಿಗಿ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಹಾಕಿದ್ದಿಲ್ಲ, ಮೆಸೇಜ್ ಯಾರ್ದೋ ಅವರ ಬಿಟ್ಟು ನಡುವಿನ ಕಂಪನಿಯವರೂ ಓದದಂಗ ಹಾಕೋ ಕೀಲಿ ಅದು. ವಾಟ್ಸ್ಯಾಪಿನವ್ರು ಮೆಸೇಜಿಗಿ ಈ ಎನ್‌ಕ್ರಿಪ್ಷನ್ ಪೂರ್ತಿ ಕೊಟ್ಟಿದ್ದು 2016ರಾಗ, ಬ್ಯಾಕಪ್ಪಿಗಿ ಕೊಟ್ಟಿದ್ದು 2021ರಾಗ, ಅದೂ ನಾವೇ ಹೋಗಿ ಆನ್ ಮಾಡ್ಬೇಕು. ಮಾಡಿದವರು ಎಷ್ಟು ಮಂದಿ ಅದಾರ ಹೇಳ್ರಿ, ನನ್ ಅಂಗಡಿಗಿ ಬಂದ ಫೋನಿನ್ಯಾಗ ನಾ ಕಂಡಿದ್ದು ಬೆರಳ ಮ್ಯಾಲ ಎಣಿಸ್ಬೌದು. ದಾರಿ ತುಂಬಾ ಕೀಲಿ ಹಾಕ್ಕೊಂಡು ಬಂದ ಪೆಟ್ಟಿಗಿ ಮನಿಗಿ ಬಂದ ಕೂಡ್ಲೆ ಮುಚ್ಚಳ ತೆಗ್ದು ಇನ್ನೊಬ್ಬರ ಗೋದಾಮಿನ್ಯಾಗ ಇಟ್ಟಂಗ ಇದು.

ಗೋದಾಮು ಅಂದೆ ನೋಡ್ರಿ, ನಮ್ ಗಂಜಿನವರಿಗಿ ಇದು ಹೇಳ್ಕೊಡೋದೇ ಬ್ಯಾಡ. ತೊಗರಿ ಚೀಲ ಅಡ ಇಟ್ಟು ಬ್ಯಾಂಕಿನಿಂದ ಸಾಲ ತಗೊಂಡ್ರ ಏನಾಗ್ತದ, ಜಾಗ ನಿಮ್ದು, ಗೋದಾಮು ನಿಮ್ದು, ಚೀಲ ನಿಮ್ದು, ಆದ್ರ ಬಾಗಿಲಿಗಿ ಜೋತಾಡೋ ಕೀಲಿ ಬ್ಯಾಂಕಿಂದು, ಅದರ ಚಾವಿ ಮ್ಯಾನೇಜರ್ ಡ್ರಾದಾಗ. ನಿಮ್ಮ ಗೋದಾಮಿಗಿ ನೀವೇ ಹೋಗಂಗಿಲ್ಲ. ಸರ್ವರ್‌ದೂ ಹಂಗೇ. ಅದು ಜಿನೀವಾದಾಗ ಅದನೋ ಮುಂಬೈದಾಗ ಅದನೋ ಅನ್ನೋದು ಗೋದಾಮಿನ ಅಡ್ರೆಸ್ ಅಷ್ಟೇ. ಚಾವಿ ಯಾರ ಹಂತ್ಯಾಕ ಅದ, ಆ ಚಾವಿ ಇದ್ದಾವನ ಮ್ಯಾಲ ಯಾವ ದೇಶದ ಕೋರ್ಟಿನ ಹುಕುಂ ನಡೀತದ, ಮತ್ತ ಗೋದಾಮಿನ ರಿಜಿಸ್ಟರ್‌ದಾಗ ಯಾರ್ ಯಾರ್ ಬಂದ್ರು ಹೋದ್ರು ಅಂತ ಏನೇನು ಬರ್ದಿಟ್ಟಾರ, ಅಸಲಿ ಮಾತು ಇಲ್ಲಿ ಅದ.

ಇದಕ್ಕ ಅಮೆರಿಕಾದ ಎರಡು ಕೇಸು ಹೇಳ್ತೀನಿ. ಲವಾಬಿಟ್ ಅಂತ ಟೆಕ್ಸಾಸ್‌ದಾಗ ಒಂದು ಸಣ್ಣ ಮೇಲ್ ಕಂಪನಿ ಇತ್ತು, 4 ಲಕ್ಷದ ಮ್ಯಾಲ ಗಿರಾಕಿ. 2013ರಾಗ ಎಡ್ವರ್ಡ್ ಸ್ನೋಡೆನ್ ಅಮೆರಿಕಾ ಸರಕಾರ ಎಲ್ಲರ ಮೇಲು ಫೋನು ಹೆಂಗ ಜಾಲಾಡ್ತದ ಅಂತ ಬಯಲಿಗಿ ತಂದನಲ್ಲ, ಅವನ ಮೇಲ್ ಇದ್ದಿದ್ದು ಇಲ್ಲೇ. ಎಫ್‌ಬಿಐನವ್ರು ಬಂದು ಒಬ್ಬನ ಸಲುವಾಗಿ ಇಡೀ ಸೈಟಿನ ಚಾವಿ ಕೇಳಿದ್ರು. ಮಾಲಕ ಲಾಡರ್ ಲೆವಿಸನ್ ಹಠಮಾರಿ, ಚಾವಿಯನ್ನ 4 ಪಾಯಿಂಟ್ ಅಕ್ಷರದಾಗ, ಅಂದ್ರ ಔಷಧ ಚೀಟಿ ಮ್ಯಾಲಿನ ಅಕ್ಷರಕ್ಕಿಂತ ಸಣ್ಣದು, 11 ಪುಟ ಪ್ರಿಂಟ್ ಹೊಡ್ದು ಕೊಟ್ಟ, ತಗೋರಿ ಟೈಪ್ ಮಾಡ್ಕೋರಿ ಅಂತ. ನನಗ ಆ ಮನುಷ್ಯಾ ಭಾಳ ಸೇರ್ತಾನ. ವರ್ಜೀನಿಯಾದ ಫೆಡರಲ್ ಕೋರ್ಟಿಗಿ ಅದು ಸೇರ್ಲಿಲ್ಲ, ಸರಿಯಾಗಿ ಕೊಡೋ ತನಕ ದಿನಕ್ಕ 5,000 ಡಾಲರ್ ದಂಡ ಅಂತು. ಕೊನಿಗಿ ಚಾವಿ ಕೊಟ್ಟು, 2013ರ ಆಗಸ್ಟ್ 8ಕ್ಕ ಕಂಪನಿನೇ ಮುಚ್ಚಿಬಿಟ್ಟ, ಯಾಕ ಮುಚ್ಚಿದಿ ಅಂದ್ರ ಬಾಯಿ ಬಿಟ್ಟು ಹೇಳಂಗೂ ಇಲ್ಲ, ಅದಕ್ಕೂ ಕೋರ್ಟ್ ಆರ್ಡರ್.

ಮೂರು ವರ್ಷ ಬಿಟ್ಟು 2016ರಾಗ ಅದೇ ವರ್ಜೀನಿಯಾ ಕಡಿಯಿಂದ ಸಿಗ್ನಲ್ ಅನ್ನೋ ಮೆಸೇಜ್ ಆ್ಯಪಿನವರಿಗಿ ನೋಟಿಸ್ ಬಂತು, ಎರಡು ನಂಬರಿನ ಮಾಹಿತಿ ಎಲ್ಲಾ ಕೊಡ್ರಿ ಅಂತ. ಸಿಗ್ನಲ್ ಕೂಡ ಅಮೆರಿಕಾದ್ದೇ, ಸರ್ವರೂ ಅಮೆರಿಕಾದಾಗೇ. ಅವರು ಕೊಟ್ಟಿದ್ದು ಏನು ಅಂದ್ರ, ಈ ಅಕೌಂಟ್ ಯಾವತ್ತು ಶುರು ಆತು, ಕೊನಿಗಿ ಯಾವತ್ತು ಕನೆಕ್ಟ್ ಆತು, ಎರಡೇ ಮಾತು. ಹಠ ಇಲ್ಲ ದಂಡ ಇಲ್ಲ, ಯಾಕಂದ್ರ ಅವರ ಹಂತ್ಯಾಕ ಬ್ಯಾರೆ ಏನೂ ಇರ್ಲೇ ಇಲ್ಲ, ಚಾವಿ ಗಿರಾಕಿ ಫೋನಿನ್ಯಾಗ, ರಿಜಿಸ್ಟರ್ ಖಾಲಿ. ದೇಶ ಒಂದೇ, ಕೋರ್ಟಿನ ಇಲಾಕಾ ಒಂದೇ, ಒಬ್ಬನ ಅಂಗಡಿ ಮುಚ್ಚಿತು, ಇನ್ನೊಬ್ಬಂದು ಚೀಟಿ ಹರ್ದು ಕೊಟ್ಟಂಗ ಕೊಟ್ಟು ಮುಗೀತು.

ಈಗ ಸ್ವಿಟ್ಜರ್ಲೆಂಡೇ ಗತಿ ಅಂದವರ ಮಾತಿಗಿ ಬರ್ತೀನಿ. ಅಲ್ಲಿಯ ಪ್ರೋಟಾನ್ ಮೇಲ್ ಒಳ್ಳೇದೇ, ನಾನೂ ಒಂದೆರಡು ವಕೀಲರಿಗಿ ಹಾಕ್ಕೊಟ್ಟೀನಿ. ಆದ್ರ 2021ರಾಗ ಫ್ರಾನ್ಸಿನ ಒಬ್ಬ ಪರಿಸರ ಹೋರಾಟಗಾರರ ಬಗ್ಗೆ ಫ್ರಾನ್ಸ್ ಪೊಲೀಸರು ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಹಿಡ್ಕೊಂಡು ಸ್ವಿಸ್ ಅಧಿಕಾರಿಗಳ ಕಡಿಯಿಂದ ಆರ್ಡರ್ ತಂದ್ರು, ಪ್ರೋಟಾನ್‌ನವ್ರು ಆ ಮನುಷ್ಯರ ಐಪಿ ಅಡ್ರೆಸ್, ಅಂದ್ರ ಇಂಟರ್ನೆಟ್ ಕನೆಕ್ಷನ್ನಿನ ನಂಬರ್, ಬರ್ಕೊಂಡು ಕೊಡ್ಲೇಬೇಕಾತು. ಮೇಲ್ ಒಳಗ ಬರ್ದಿದ್ದು ಕೊಡ್ಲಿಲ್ಲ, ಅದರ ಚಾವಿ ಅವರ ಹಂತ್ಯಾಕ ಇಲ್ಲ. ಆದ್ರ ಯಾವ ಕನೆಕ್ಷನ್ನಿಂದ ಮೇಲ್ ತೆಗದ್ರು ಅನ್ನೋದು ಪೊಲೀಸರಿಗಿ ಸಾಕಾಗ್ತದ. ಸ್ವಿಸ್ ಸರಕಾರ ಕಾನೂನು ಇನ್ನಾ ಬಿಗಿ ಮಾಡ್ಲಿಕ್ಕೆ ಹೊಂಟದ ಅಂತ 2025ರಾಗ ಪ್ರೋಟಾನ್‌ನವ್ರೇ ಝರಾ ಝರಾ ಗಂಟುಮೂಟೆ ಜರ್ಮನಿ, ನಾರ್ವೆ ಕಡಿ ಸಾಗಿಸ್ತೀವಿ ಅಂದಾರ. ಅದಕ್ಕೂ ಹಿಂದ 2007ರಾಗ ಕೆನಡಾದ ಹಶ್‌ಮೇಲ್ ಕೋರ್ಟ್ ಆರ್ಡರ್ ಬಂದಾಗ ಬಿಚ್ಚಿದ ಮೇಲುಗಳನ್ನೇ ಕೊಟ್ಟಿತ್ತು, ಎನ್‌ಕ್ರಿಪ್ಟೆಡ್ ಅಂತ ಬೋರ್ಡ್ ಹಾಕ್ಕೊಂಡಿದ್ದ ಕಂಪನಿ ಅದು. ಮತ್ತ ಇನ್ನೊಂದು, ನೀವು ಪ್ರೋಟಾನ್‌ದಿಂದ ಜಿಮೇಲ್ ಇದ್ದವರಿಗಿ ಮಾಮೂಲಿ ಮೇಲ್ ಕಳಿಸಿದ್ರ ಅದರ ಒಂದು ಕಾಪಿ ಗೂಗಲ್ ಹಂತ್ಯಾಕ ಬಿಚ್ಚಿದ್ದೇ ಕುಂತಿರ್ತದ, ಇದು ಯಾರೂ ವಿಚಾರ ಮಾಡಂಗಿಲ್ಲ.

ಕಂಪನಿ ಅಮೆರಿಕಾದ್ದು ಇದ್ದು ಸರ್ವರ್ ಬ್ಯಾರೆ ದೇಶದಾಗ ಇಟ್ರ ಹೆಂಗ ಅಂತೀರಿ. ಮೈಕ್ರೋಸಾಫ್ಟ್ ಇದೇ ವಾದ ಮಾಡಿತ್ತು, ಮೇಲ್ ಇರೋದು ಐರ್ಲೆಂಡಿನ ಡಬ್ಲಿನ್‌ದಾಗ, ಅಮೆರಿಕಾ ವಾರಂಟ್ ಅಲ್ಲಿ ನಡ್ಯಂಗಿಲ್ಲ ಅಂತ. ಕೇಸು 2013ರಿಂದ ಎಳ್ದು ಎಳ್ದು ಸುಪ್ರೀಂ ಕೋರ್ಟಿಗಿ ಹೋಗಿತ್ತು, ಅಷ್ಟರಾಗ 2018ರ ಮಾರ್ಚ್‌ದಾಗ ಅಲ್ಲಿಯ ಸಂಸತ್ತು ಕ್ಲೌಡ್ ಆ್ಯಕ್ಟ್ ಅಂತ ತಂದುಬಿಟ್ಟಿತು. ಕಂಪನಿ ಅಮೆರಿಕಾ ಕಾನೂನಿನ ಕೆಳಗ ಇದ್ರ ಡೇಟಾ ಯಾವ ದೇಶದಾಗ ಇದ್ರೂ ಕೇಳ್ದಾಗ ಕೊಡ್ಬೇಕು, ಕೇಸು ಖತಂ.

ಇನ್ನ ಬಂದ್ ಮಾಡ್ರಿ ಅಂದವರ ಸಿಟ್ಟು, ಅದು ಸುಳ್ಳಲ್ಲ. 2025ರ ಏಪ್ರಿಲ್‌ದಾಗ ನಮ್ಮ ಕರ್ನಾಟಕ ಹೈಕೋರ್ಟೇ ಪ್ರೋಟಾನ್ ಮೇಲ್ ಬ್ಲಾಕ್ ಮಾಡೋ ಕ್ರಮ ತಗೋರಿ ಅಂತ ಕೇಂದ್ರಕ್ಕ ಹೇಳ್ಯದ. ಒಂದು ಕಂಪನಿಯಾಗ ಕೆಲ್ಸ ಮಾಡೋ ಹೆಣ್ಮಕ್ಕಳ ಬಗ್ಗೆ ಹೊಲಸು ಮೇಲು, ಎಐಲೆ ಮಾಡಿದ ಕೆಟ್ಟ ಫೋಟೋ ಕಳಿಸ್ಯಾರ, ಕಳಿಸಿದಾವ ಯಾರು ಅಂತ ಪತ್ತಾ ಹತ್ತವಲ್ಲದು, ಕಂಪನಿ ನೋಡಿದ್ರ ಹೊರದೇಶದಾಗ. ನನಗೂ ಮಗಳು ಇದ್ದಾಳ, ನಮ್ ಮನಿಗಿ ಅಂಥ ಮೇಲ್ ಬಂದ್ರ ನಾ ಈ ಪತ್ರ ಹಿಂಗ ಸಮಾಧಾನದಲೆ ಬರೀತಿದ್ದಿಲ್ಲ ಬಿಡ್ರಿ. ಇಲ್ಲಿ ಸರ್ವರ್ ಎಲ್ಲಿ ಅದ ಅನ್ನೋದು ಖರೇನೇ ಅಡ್ಡ ಬರ್ತದ, ಒಪ್ಪಿದೆ. ಆದ್ರ ಫ್ರಾನ್ಸಿನವ್ರು ಸ್ವಿಸ್ ಅಧಿಕಾರಿಗಳ ಮೂಲಕ ಹೋಗಿ ಐಪಿ ತಂದ್ರಲ್ಲ, ನಮ್ಮ ಪೊಲೀಸರೂ ಅದೇ ದಾರಿ ಹಿಡೀಬೇಕು, ಅದು ಜಲ್ದಿ ಆಗೋ ಹಂಗ ಎರಡೂ ಸರಕಾರ ಕುಂತು ಮಾತಾಡ್ಬೇಕು. ಯಾವನೋ ಕಿಸೆ ಹೊಡ್ದ ಅಂತ ಆಳಂದ ಬಸ್ಸೇ ಬಂದ್ ಮಾಡಿದ್ರ ಕಿಸೆಗಳ್ಳ ಅಫಜಲಪುರ ಬಸ್ ಹತ್ತತಾನ, ನಡ್ಕೋತ ಹೋಗೋರು ಉಳ್ದ ಮಂದಿ.

ನಮ್ ಅಜ್ಜಂದು ಒಂದು ಮಾತು ನೆನಪಾಗ್ತದ. ನಮ್ದು ಆಳಂದ ಕಡಿ ಹಳ್ಳಿ, 1948ಕ್ಕ ಮೊದ್ಲು ನಿಜಾಮರ ರಾಜ್ಯ, ಅವರ ಟಪಾಲೇ ಬ್ಯಾರೆ, ಸ್ಟಾಂಪೂ ಅವರ್ದೇ. ರಜಾಕಾರರ ಗದ್ಲ ನಡ್ದಾಗ ನಿಜಾಮರ ಟಪಾಲಿನ ಡಬ್ಬಿಗಿ ಚೀಟಿ ಹಾಕ್ಲಿಕ್ಕೆ ಅಜ್ಜಗ ಭರೋಸಾ ಇಲ್ಲ, ಒಡ್ದು ಓದ್ತಾರ ಅಂತ. ಹಂಗಾಗಿ ಸೊಲ್ಲಾಪುರಕ್ಕ ಹೋಗೋರ ಕೈಯಾಗ ಕೊಟ್ಟು ಅಲ್ಲಿ ಇಂಡಿಯಾದ ಟಪಾಲ್ ಡಬ್ಬಿಗಿ ಹಾಕಿಸ್ತಿದ್ದನಂತ, ಉತ್ತರನೂ ಅಲ್ಲೇ ಒಬ್ಬ ಅರಿವಿ ಅಂಗಡಿಯವರ ವಿಳಾಸಕ್ಕ. ಈಗಿನ ಮಾತಿನ್ಯಾಗ ಅಂದ್ರ ಹೊರದೇಶದ ಸರ್ವರ್, ಒಳ್ಳೆ ವ್ಯವಸ್ಥಾನೇ ಮಾಡ್ಕೊಂಡಿದ್ದ. ಆದ್ರ ಒಂದಿನ ಪೊಲೀಸರು ನೆಟ್ಟಗ ಮನಿಗಿ ಬಂದು, ಬ್ಯಾರೆ ಏನೂ ಹುಡುಕದ್ಲೆ, ಜಗಲಿ ಮ್ಯಾಲಿನ ವಿಭೂತಿ ಗಟ್ಟಿ ಎತ್ತಿ ಅದರ ಕೆಳಗಿಂದ ಚೀಟಿ ತೆಗದ್ರು. ಮನಿಯಾಗಿನವ್ರೇ ಯಾರೋ ಹೇಳ್ಯಾರ. ಸಾಯೋ ತನಕ ಅಜ್ಜಗ ದೊಡ್ಡಪ್ಪನ ಮಗನ ಮ್ಯಾಲೇ ಸಂಶಯ, ಅವರಿಬ್ಬರ ಮಾತು ಮತ್ತ ಕೂಡ್ಲಿಲ್ಲ.

ಈಗ ಜಗಲಿ ಅಂದ್ರ ಫೋನು. 2021ರಾಗ ಪೆಗಾಸಸ್ ಅನ್ನೋ ಕದ್ದು ನೋಡೋ ಸಾಫ್ಟ್‌ವೇರಿನ ಗದ್ಲ ಎದ್ದಿತಲ್ಲ, ಇಸ್ರೇಲಿನ ಎನ್‌ಎಸ್‌ಒ ಕಂಪನಿದು, ಸರಕಾರಗಳಿಗಷ್ಟೇ ಮಾರ್ತೀವಿ ಅಂತಾರ ಅವರು. ಅದು ಫೋನಿನೊಳಗೇ ಹೊಕ್ಕು ಕುಂತ್ರ ಮೆಸೇಜಿಗಿ ಕೀಲಿ ಬೀಳೋದಕ್ಕಿಂತ ಮೊದ್ಲೇ ಓದ್ತದ, ಸರ್ವರ್ ಚಂದ್ರಲೋಕದಾಗ ಇಟ್ರೂ ಅಷ್ಟೇ. ಸುಪ್ರೀಂ ಕೋರ್ಟ್ ಮಾಡಿದ ನ್ಯಾಯಮೂರ್ತಿ ರವೀಂದ್ರನ್ ಅವರ ಸಮಿತಿ 29 ಫೋನ್ ನೋಡಿ 5ರಾಗ ಏನೋ ಮಾಲ್‌ವೇರ್ ಅದ, ಪೆಗಾಸಸ್ಸೇ ಅಂತ ಹೇಳ್ಲಿಕ್ಕಾಗಂಗಿಲ್ಲ ಅಂತು, ಕೇಂದ್ರ ಸರಕಾರ ಸಹಕಾರ ಕೊಡ್ಲಿಲ್ಲ ಅಂತನೂ 2022ರ ಆಗಸ್ಟ್‌ದಾಗ ಕೋರ್ಟಿನ್ಯಾಗೇ ಹೇಳಿದ್ರು.

ಹಂಗಾದ್ರ ಸರ್ವರ್ ಇಂಡಿಯಾಕ್ಕ ತಂದ್ರ ಏನಾಗ್ತದ? ಬ್ಲ್ಯಾಕ್‌ಬೆರಿ ಫೋನು ನೆನಪದನ್ರೀ, ಗಂಜಿನ್ಯಾಗ ಒಂದಿಬ್ಬರು ಸಾವಕಾರ್ರು ಸೊಂಟಕ್ಕ ಕಟ್ಕೊಂಡು ಓಡಾಡ್ತಿದ್ರು. ಅದರ ಸರ್ವರ್ ಕೆನಡಾದಾಗ ಇತ್ತು, ನಮ್ ಸರಕಾರ 2010ರಿಂದ ಬಂದ್ ಮಾಡ್ತೀವಿ ಬಂದ್ ಮಾಡ್ತೀವಿ ಅಂತ ಹೆದರ್ಸಿ ಹೆದರ್ಸಿ ಕೊನಿಗಿ ಮುಂಬೈದಾಗ ಸರ್ವರ್ ಇಡ್ಸಿತು. ಇಡ್ಸಿದ್ದು ಯಾಕ, ಬೇಕಾದಾಗ ನೋಡ್ಲಿಕ್ಕೆ. ಅದ್ರಾಗ ಮುಚ್ಚುಮರಿ ಏನೂ ಇರ್ಲಿಲ್ಲ. 2025ರಾಗ ಸ್ವದೇಶಿ ಅಂತ ನಮ್ ಗ್ರೂಪಿನವ್ರೆಲ್ಲ ಅರಟ್ಟೈ ಅನ್ನೋ ನಮ್ಮ ದೇಶದ ಮೆಸೇಜ್ ಆ್ಯಪ್ ಹಾಕ್ಕೊಂಡ್ರು, ಸರ್ವರ್ ಇಂಡಿಯಾದಾಗೇ, ಚೊಲೋ, ಆದ್ರ ಆಗ ಅದ್ರಾಗ ಫೋನ್ ಕಾಲ್‌ಗಿ ಪೂರ್ತಿ ಎನ್‌ಕ್ರಿಪ್ಷನ್ ಇತ್ತೇ ಹೊರ್ತು ಬರ್ದ ಮೆಸೇಜಿಗಿ ಇರ್ಲಿಲ್ಲ. ಯಾರೂ ಕೇಳ್ಲಿಲ್ಲ. ಊರು ಕೇಳಿದ್ರು, ಚಾವಿ ಕೇಳ್ಲಿಲ್ಲ.

ವಿಪಿಎನ್, ಅಂದ್ರ ನಮ್ಮ ಐಪಿ ಮುಚ್ಚಿ ಬ್ಯಾರೆ ಸರ್ವರ್ ಮೂಲಕ ಇಂಟರ್ನೆಟ್ ಕೊಡೋ ಸರ್ವಿಸು, ಅದರ ಕಥಿ ಅಂತೂ ಇನ್ನಾ ಮಜಾ ಅದ. 2022ರ ಏಪ್ರಿಲ್ 28ಕ್ಕ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕಡಿಯಿಂದ ಆದೇಶ ಬಂತು, ವಿಪಿಎನ್ ನಡೆಸೋರು ಗಿರಾಕಿ ಹೆಸರು, ವಿಳಾಸ, ಐಪಿ ಎಲ್ಲಾ 5 ವರ್ಷ ಬರ್ದು ಇಡ್ಬೇಕು ಅಂತ. ಎಕ್ಸ್‌ಪ್ರೆಸ್ ವಿಪಿಎನ್ ಅಂಥವ್ರು ಇಲ್ಲಿಯ ಸರ್ವರ್ ಕಿತ್ಕೊಂಡು ಹೋದ್ರು, ಆದ್ರ ಲಿಸ್ಟಿನ್ಯಾಗ ಇಂಡಿಯಾ ಅಂತ ಹಂಗೇ ಉಳೀತು, ಮಷೀನ್ ಇರೋದು ಸಿಂಗಪುರದಾಗ, ಇಂಗ್ಲೆಂಡಿನ್ಯಾಗ. ಬೋರ್ಡ್ ನೋಡಿ ಊರು ಹೇಳೋ ಕಾಲ ಅದೂ ಹೋತು.

ಈಗ ನಾ ಅಸಲಿಗಿ ಕೇಳ್ಬೇಕಂದಿದ್ದು. ಪೊಲೀಸರು ಯಾರ ಫೋನೂ ನೋಡ್ಲೇಬಾರ್ದು ಅಂತ ನಾ ಅನ್ನಂಗಿಲ್ಲ, ಕಳ್ಳರು, ಮೋಸಗಾರರು ಇರೋರೇ. ನೋಡ್ಲಿಕ್ಕೆ ಯಾರು ಯಾರಿಗಿ ಪರ್ಮಿಷನ್ ಕೊಡ್ತಾರ ಅನ್ನೋದು ನನ್ ಪ್ರಶ್ನಿ. ಐಟಿ ಕಾಯ್ದೆ 69ನೇ ಸೆಕ್ಷನ್ ಪ್ರಕಾರ ಕಂಪ್ಯೂಟರಿನ ಮಾಹಿತಿ ನೋಡ್ಲಿಕ್ಕೆ, ಬಿಚ್ಚಿ ಕೊಡ್ರಿ ಅನ್ಲಿಕ್ಕೆ ಸರಕಾರಕ್ಕ ಅಧಿಕಾರ ಅದ, ಸಹಕಾರ ಕೊಡ್ಲಿಲ್ಲಂದ್ರ 7 ವರ್ಷ ತನಕ ಜೈಲು. 2018ರ ಡಿಸೆಂಬರ್ 20ಕ್ಕ ಗೃಹ ಇಲಾಖೆ 10 ಸಂಸ್ಥೆಗಳ ಹೆಸರು ಹಾಕಿ ಇವರು ನೋಡ್ಬೌದು ಅಂತು. ಹುಕುಂ ಬರಿಯೋರು ಗೃಹ ಕಾರ್ಯದರ್ಶಿ, ಅದು ಸರಿ ಅದನೋ ತಪ್ಪದನೋ ನೋಡೋ ಕಮಿಟಿನೂ ಕಾರ್ಯದರ್ಶಿಗಳದ್ದೇ, ಒಬ್ಬ ಜಡ್ಜ್ ಇಲ್ಲ. ನಿವೃತ್ತ ನ್ಯಾಯಮೂರ್ತಿ ಶ್ರೀಕೃಷ್ಣ ಅವರ ಸಮಿತಿ 2018ರ ವರದಿಯಾಗ ಲೆಕ್ಕ ಕೊಟ್ಟದ, ಕೇಂದ್ರದಿಂದ ತಿಂಗ್ಳಿಗಿ 7,500ದಿಂದ 9,000 ಕದ್ದಾಲಿಕೆ ಆದೇಶ, ಎರಡು ತಿಂಗ್ಳಿಗೊಮ್ಮೆ ಕೂಡೋ ಆ ಕಮಿಟಿ ಒಂದು ಮೀಟಿಂಗಿನ್ಯಾಗ 15,000ದಿಂದ 18,000 ಆದೇಶ ನೋಡ್ಬೇಕು. ನಮ್ ಗಂಜಿನ ಪಕ್ಕಾ ಮುನೀಮರಿಗಿ ಒಂದಿನಕ್ಕ ಮುನ್ನೂರು ಬಿಲ್ ಕೊಟ್ಟು ನೋಡ್ರಿ, ಸಂಜಿಗಿ ಕಣ್ಣು ಕೆಂಪಾಗಿರ್ತಾವ. ಹದಿನೈದು ಸಾವಿರ ಆದೇಶಕ್ಕ ಚಹಾ ಬಿಸ್ಕೀಟ್ ಬರೋದ್ರಾಗೇ ಸಹಿ ಬಿದ್ದಿರ್ತದ ಅನ್ನೋದು ನನ್ ಗುಮಾನಿ.

ಇದು ದಿಲ್ಲಿ ಮಾತಷ್ಟೇ ಅಲ್ರಿ, ಪಕ್ಷದ ಮಾತೂ ಅಲ್ಲ. 1988ರಾಗ ಫೋನ್ ಕದ್ದಾಲಿಕೆ ಗದ್ಲದಾಗೇ ನಮ್ ರಾಮಕೃಷ್ಣ ಹೆಗಡೆಯವ್ರು ಮುಖ್ಯಮಂತ್ರಿ ಕುರ್ಚಿ ಬಿಟ್ರು. ಆಗ ಅಷ್ಟರ ನಾಚಿಕಿ ಇತ್ತು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕ ಒಂಬತ್ತು ಜಡ್ಜುಗಳು ಹೇಳಿದ್ರಲ್ಲ, ಆ ಕೇಸು ಹಾಕಿದ ಪುಟ್ಟಸ್ವಾಮಿಯವ್ರೂ ನಮ್ ಹೈಕೋರ್ಟಿನಾಗೇ ಜಡ್ಜ್ ಇದ್ದವ್ರು. ಹಂಗಿದ್ದ ಮ್ಯಾಲ ಕದ್ದಾಲಿಕೆ ಆದೇಶಕ್ಕ ಜಡ್ಜ್ ಸಹಿ ಇರ್ಲಿ, ವರ್ಷಕ್ಕ ಎಷ್ಟು ಆದೇಶ ಹೊಂಟುವು ಅನ್ನೋ ಲೆಕ್ಕನಾದ್ರೂ ಮಂದಿಗಿ ತೋರ್ಸ್ಲಿ ಅಂತ ನಮ್ ಕಡಿ ಸಂಸದರು, ಎಂಎಲ್ಎಗಳು ಒಮ್ಮೆ ಬಾಯಿ ಬಿಡ್ಬೇಕು. ಸರ್ವರ್ ಇಂಡಿಯಾಕ್ಕ ತರ್ರಿ, ಬ್ಯಾಡನ್ನಂಗಿಲ್ಲ, ಬ್ಯಾಂಕಿನ ಪೇಮೆಂಟ್ ಡೇಟಾ ಇಲ್ಲೇ ಇಡ್ರಿ ಅಂತ 2018ರಾಗ ರಿಸರ್ವ್ ಬ್ಯಾಂಕ್ ಹೇಳಿದ್ದು ನನಗ ಸರಿ ಅನ್ನಿಸ್ತದ. ಆದ್ರ ಮೊದ್ಲು ಈ ಜಡ್ಜ್ ಸಹಿ, ಆಮ್ಯಾಲ ಸರ್ವರ್. ಮತ್ತ ನಿಮ್ಮ ಪತ್ರಿಕಿಯವ್ರು ಆ್ಯಪಿನ ಬಗ್ಗೆ ಬರೀವಾಗ ಯಾವ ದೇಶದ್ದು ಅಂತಷ್ಟೇ ಹಾಕ್ಬ್ಯಾಡ್ರಿ, ಚಾವಿ ಯಾರ ಹಂತ್ಯಾಕ, ಬ್ಯಾಕಪ್ ಎಲ್ಲಿ ಹೋಗ್ತದ, ಏನೇನು ಬರ್ದಿಡ್ತಾರ, ಈ ಮೂರು ಲೈನ್ ಹಾಕಿದ್ರ ನನ್ ಅಂಗಡಿಯಾಗ ಅರ್ಧ ಜಗಳ ಕಡಿಮಿ ಆಗ್ತದ.

ಇಂತಿ ತಮ್ಮ ಓದುಗ,
ನೆಹರು ಗಂಜಿನ ಕಂಪ್ಯೂಟರ್ ರಿಪೇರಿಯವ, ಕಲಬುರಗಿ

ತಾ.ಕ.: ಆ ಸಾವಕಾರ್ರ ಫೋನಿನ್ಯಾಗ ಮುನೀಮನ ಲ್ಯಾಪ್‌ಟಾಪ್ ಲಾಗ್‌ಔಟ್ ಮಾಡಿದೆ, ಬ್ಯಾಕಪ್ಪಿಗೂ ಎನ್‌ಕ್ರಿಪ್ಷನ್ ಹಾಕಿದೆ. ಪಾಸ್‌ವರ್ಡ್ ಬ್ಯಾಡ ಮರೀತದ ಅಂತ 64 ಅಂಕಿಯ ಚಾವಿ ತಗೊಂಡ್ರು, ಇದು ಎಲ್ಲರ ಭದ್ರ ಬರ್ದಿಡ್ರಿ, ಕಳದ್ರ ದೇವ್ರು ಬಂದ್ರೂ ತೆಗಿಲಿಕ್ಕಾಗಂಗಿಲ್ಲ ಅಂತ ಹೇಳಿ ಕಳಿಸಿದೆ. ಮೊನ್ನೆ ಪ್ರಿಂಟರ್ ರಿಪೇರಿಗಂತ ಅವರ ಅಂಗಡಿಗಿ ಹೋಗಿದ್ದೆ. ಗಾದಿ ಹಿಂದಿನ ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನ್ಯಾಗ, ಅಮಾಸಿ ತಾರೀಖಿನ ಪಕ್ಕ, ಕೆಂಪು ಪೆನ್ನಿಲೆ ದಪ್ಪ ದಪ್ಪ ಬರ್ದು ಹಾಕ್ಯಾರ 64 ಅಂಕಿನೂ.